ಬೇಟಾ ಕ್ಷಯ

ಮಾನ್ವಿಯಲ್ಲಿ ಯಾರಾದರೂ ಸತ್ತರೆ, ನಳದ ನೀರು ನಿಂತರೆ, ಸೀರೆ ಅಂಗಡಿಯಲ್ಲಿ ರಿಯಾಯಿತಿ ಬಿಟ್ಟರೆ ಊರಿಗೆ ತಿಳಿಯುವುದು ದಸ್ತಗೀರ್ ಸಾಬರ ಆಟೋದಿಂದ. ಆಟೋದ ನೆತ್ತಿಯ ಮೇಲೆ ಮೈಕು, ಒಳಗೆ ಸಾಬರು. ಮೂರೂ ಸುದ್ದಿಗೆ ಅವರದು ಒಂದೇ ರಾಗ. ಫೆಬ್ರವರಿ ಕೊನೆಯಲ್ಲಿ ನಮ್ಮ ಕಾಲೇಜಿನ ವಿಜ್ಞಾನ ದಿನದ ಉಪನ್ಯಾಸಕ್ಕೆ ಊರಿನ ಜನರೂ ಬರಲಿ ಎಂದು ಪ್ರಿನ್ಸಿಪಾಲರಿಗೆ ಆಸೆ ಹುಟ್ಟಿತು. ಖಾಲಿ ಕುರ್ಚಿಗಳ ಫೋಟೋ ಮೇಲಿನವರಿಗೆ ಕಳಿಸಲಾಗದು ಎಂಬುದೇ ಆ ಆಸೆಯ ಮೂಲ. ಸರಿ, ಸಾಬರನ್ನು ಕರೆಸಿದರು. ಅಲ್ಲಿ ಭೌತಶಾಸ್ತ್ರ ಹೇಳುವವಳು ನಾನಾದ್ದರಿಂದ ಚೀಟಿ ಬರೆದುಕೊಟ್ಟವಳೂ ನಾನೇ: 'ಬೀಟಾ ಕ್ಷಯ: ಸಂಶೋಧನೆಯ ಇತಿಹಾಸ. ಡಾ. ಪಂಪಾಪತಿ, ರಾಯಚೂರು. ಸರ್ವರಿಗೂ ಸ್ವಾಗತ.'

ಕೆಲವು ಜಾತಿಯ ಪರಮಾಣುಗಳು ಯಾರೂ ಮುಟ್ಟದಿದ್ದರೂ ತಾವಾಗಿ ಒಳಗಿನಿಂದ ಬದಲಾಗಿ, ಒಂದು ಎಲೆಕ್ಟ್ರಾನನ್ನು ಹೊರಗೆ ಎಸೆಯುತ್ತವೆ. ಅದಕ್ಕೆ ನಮ್ಮ ಕನ್ನಡದ ಪಠ್ಯಪುಸ್ತಕಗಳು ಬೀಟಾ ಕ್ಷಯ ಎನ್ನುತ್ತವೆ. ಬೀಟಾ ಎಂದರೆ ಗ್ರೀಕರ ಒಂದು ಅಕ್ಷರ. ಊರಿನ ಜನಕ್ಕೆ ಗ್ರೀಕರೂ ಗೊತ್ತಿಲ್ಲ, ಪರಮಾಣುವಿನ ಕ್ಷಯವೂ ಗೊತ್ತಿಲ್ಲ. ಕ್ಷಯ ಎಂದರೆ ಸರ್ಕಾರಿ ದವಾಖಾನೆಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿರುವ ಒಂದೇ ಕ್ಷಯ. ಇನ್ನು ದಸ್ತಗೀರ್ ಸಾಬರು ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ಅವರ ನಾಲಗೆಗೆ ಬೀಟಾ ಎಂದೂ ಹತ್ತಿದ್ದಿಲ್ಲ, ಹತ್ತಿದ್ದು ಬೇಟಾ. ಬೇಟಾ ಅಂದರೆ ಮಗ.

"ಕೇಳ್ರಿ ಕೇಳ್ರಿ, ಬೇಟಾ ಕ್ಷಯ, ಬೇಟಾ ಕ್ಷಯದ ಸಂಶೋಧನೆ. ರಾಯಚೂರಿನ ಹೆಸರಾಂತ ಡಾಕ್ಟರ್ ಪಂಪಾಪತಿ ಅವರು ಬರಾಕತ್ತಾರ. ಎಲ್ಲರೂ ಬರ್ರಿ, ಪೂರಾ ಮಫತ್."

ಆಟೋ ಕಾಲೇಜಿನ ಮುಂದೆ ಹಾದುಹೋದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಗಣಿತದ ಬೂದೆಪ್ಪ ಸರ್ ಕಣ್ಣೀರು ಬರುವಂತೆ ನಕ್ಕರು. ನಾನೂ ನಕ್ಕೆ. ಅದರಲ್ಲಿ ಪಾಪವೇನಿಲ್ಲ. ಸಾಬರದೂ ಪಾಪವಿಲ್ಲ. ನಿಜ ಹೇಳಬೇಕೆಂದರೆ ಈ ಕಥೆಯಲ್ಲಿ ಕೆಟ್ಟವರು ಒಬ್ಬರೂ ಇಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ. ಬಾಯಿ ತುಂಬ ಬೈಯಲು ಒಬ್ಬನಾದರೂ ಸಿಕ್ಕಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮಂಡಕ್ಕಿ ಭಟ್ಟಿ ಇದೆ. ಅಲ್ಲಿ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತ ಕೂತಿದ್ದ ಬಡೇಬೀ ಈ ಕೂಗು ಕೇಳಿದಳು. ಗಂಡ ತೀರಿ ಬಹಳ ವರ್ಷವಾದ ಹೆಂಗಸು. ಒಬ್ಬನೇ ಮಗ ಜಮೀರ್, ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿ. ಅವನಿಗೆ ದೀಪಾವಳಿಯಿಂದ ಕೆಮ್ಮು. ಮಿಲ್ಲಿನ ಧೂಳು ಎಂದರು, ತೌಡು ಎಂದರು, ಹೊಟ್ಟು ಎಂದರು. ಮೈ ಇಳಿಯತೊಡಗಿದಾಗ ಓಣಿಯ ಆರ್‌ಎಂಪಿ ಡಾಕ್ಟರ್ ರಾಯಚೂರಿಗೆ ಕಳಿಸಿ ಎದೆಯ ಎಕ್ಸ್‌ರೇ ತೆಗೆಸಿದ. ನೋಡಿ, "ಕ್ಷಯ ಇದ್ದಂಗ ಕಾಣಸ್ತದ, ಸರ್ಕಾರಿ ದವಾಖಾನಿಗೆ ಹೋಗ್ರಿ" ಅಂದ.

ಬಡೇಬೀ ಹೋಗಲಿಲ್ಲ. ಅಲ್ಲಿ ಹೆಸರು ಬರೆದುಕೊಳ್ಳುತ್ತಾರೆ, ಆಮೇಲೆ ಗುಳಿಗೆ ನುಂಗಿದೆಯಾ ಎಂದು ಕೇಳಲು ಮನೆಗೇ ಬರುತ್ತಾರೆ, ಓಣಿಗೆಲ್ಲ ಗೊತ್ತಾಗುತ್ತದೆ. ಜಮೀರನಿಗೆ ದೇವದುರ್ಗದ ಅರೀಬಾ ಜೊತೆ ನಿಶ್ಚಯವಾಗಿತ್ತು. ರಂಜಾನ್ ಮುಗಿದ ಮೇಲೆ ನಿಕಾ. ಸುದ್ದಿ ದೇವದುರ್ಗ ಮುಟ್ಟಿದರೆ ಸಂಬಂಧ ಮುರಿದಂತೆಯೇ. ಹೆಸರು ಹೇಳದೆ, ಯಾರಿಗೂ ತಿಳಿಯದೆ, ಒಬ್ಬ ದೊಡ್ಡ ಡಾಕ್ಟರನ್ನು ಕೇಳುವ ದಾರಿ ಸಿಗಲಿ ಎಂದು ಆಕೆ ಬೇಡಿಕೊಳ್ಳುತ್ತಿದ್ದಾಗ ಆಟೋ ಬಂತು, ಮಗನ ಕ್ಷಯ ಎಂದು ಕೂಗುತ್ತ. ತನಗೆಂದೇ ಕಳಿಸಿದ ಆಟೋ ಅಂದುಕೊಂಡಳಂತೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆದರೂ ಮೊದಲೇ ಹೇಳಿಬಿಡುತ್ತೇನೆ. ಅವತ್ತು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವಳು ತನ್ನ ಮಗ ಉಳಿಯುತ್ತಾನೋ ಇಲ್ಲವೋ ಎಂದು ಕೇಳಲು ಬಂದಿದ್ದಳು. ಬುರ್ಖಾದೊಳಗೆ ಎಕ್ಸ್‌ರೇ ಲಕೋಟೆ ಇತ್ತು, ಕೈಯಲ್ಲಿ ಒಂದು ಚೀಲ ಮಂಡಕ್ಕಿ.

ಪಂಪಾಪತಿ ಸರ್ ನನ್ನ ಗುರುಗಳು. ರಾಯಚೂರಿನಲ್ಲಿ ನನಗೆ ಎಂಎಸ್ಸಿ ಪಾಠ ಹೇಳಿದವರು, ಈಗ ನಿವೃತ್ತರು. ಅವರ ಹೆಸರಿನ ಮುಂದಿನ 'ಡಾ.' ಪಿಎಚ್‌ಡಿಯದು, ಸ್ಟೆತಾಸ್ಕೋಪಿನದಲ್ಲ. ಒಮ್ಮೆ ತರಗತಿಯಲ್ಲಿ ಲೆಕ್ಕ ಬಿಡಿಸುವಾಗ ಕೂಡಿಸುವ ಕಡೆ ಕಳೆದುಬಿಟ್ಟಿದ್ದರು. ಮರುದಿನ ರಜೆ. ನಮ್ಮ ಹಾಸ್ಟೆಲ್ಲಿಗೇ ಬಂದು, ಎಲ್ಲರನ್ನೂ ಕೂರಿಸಿ, "ನಿನ್ನೆ ನಾ ಹೇಳಿದ್ದು ತಪ್ಪು, ತಿದ್ದಿಕೊಳ್ರಿ" ಅಂದು ಹೋದರು. ಅಂಥ ಮನುಷ್ಯ. ಇನ್ನೊಂದು ಹಠವೂ ಅವರಿಗಿತ್ತು: ವಿಜ್ಞಾನವನ್ನು ನಮ್ಮ ಜನದ ಮಾತಿನಲ್ಲಿ, ಇಂಗ್ಲಿಷ್ ಬೆರೆಸದೆ, ಮಂಡಕ್ಕಿ ಹುರಿಯುವವಳಿಗೂ ತಿಳಿಯುವಂತೆ ಹೇಳಬೇಕು. ಇಂಗ್ಲಿಷಿನಲ್ಲಿ ಹೇಳಿದ್ದರೆ ಬಡೇಬೀ ಎರಡನೇ ಮಾತಿಗೇ ಎದ್ದು ಹೋಗುತ್ತಿದ್ದಳು. ಕನ್ನಡದ ಮೇಲೆ ನನಗೆ ಎಂದಾದರೂ ಸಿಟ್ಟು ಬಂದಿದ್ದರೆ ಅದು ಇದನ್ನು ನೆನೆದಾಗ.

"ಕ್ಷಯ ಅಂದ್ರ ಏನ್ರೀ?" ಎಂದು ಶುರು ಮಾಡಿದರು ಸರ್. "ಒಳಗಿಂದೊಳಗ ಸವೆಯೋದು. ಹೊರಗಿಂದ ನೋಡಿದ್ರ ಗೊತ್ತಾಗಂಗಿಲ್ಲ. ಯಾರ ಪಾಳಿ ಯಾವಾಗ ಬರ್ತದ ಹೇಳಾಕ ಬರಂಗಿಲ್ಲ."

ಹಿಂದಿನ ಸಾಲಿನಲ್ಲಿ ಬಡೇಬೀ ಬುರ್ಖಾ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು.

ಸರ್ ಪ್ಯಾರಿಸಿನಿಂದ ಹೊರಟರು. ಮೋಡ ಕವಿದಿದೆಯೆಂದು ಬೆಕೆರೆಲ್ ಎಂಬಾತ ಯುರೇನಿಯಂ ಲವಣವನ್ನೂ ಫೋಟೋ ತೆಗೆಯುವ ಫಲಕವನ್ನೂ ಒಂದೇ ಡ್ರಾದಲ್ಲಿ ಇಟ್ಟಿದ್ದು, ಬಿಸಿಲು ತಾಗದಿದ್ದರೂ ಫಲಕದ ಮೇಲೆ ಗುರುತು ಮೂಡಿದ್ದು. ಕಪ್ಪು ಫಲಕ, ಒಳಗಿನದೆಲ್ಲ ಹೊರಗೆ ತೋರಿಸುವ ಗುರುತು. ಬಡೇಬೀಯ ಮಡಿಲಲ್ಲೂ ಅಂಥದೇ ಒಂದು ಇತ್ತಲ್ಲ. ಆಮೇಲೆ ರುದರ್‌ಫೋರ್ಡ್ ಬಂದ, ಹೊರಬರುವ ಕಿರಣಗಳಿಗೆ ಆಲ್ಫಾ, ಬೀಟಾ ಎಂದು ಹೆಸರಿಟ್ಟ. ಆಮೇಲೆ ಬಂತು ದೊಡ್ಡ ಒಗಟು.

"ಲೆಕ್ಕದ ಪ್ರಕಾರ ಇಷ್ಟು ಶಕ್ತಿ ಇರಬೇಕು," ಅಂದರು ಸರ್, ಕೈ ಎತ್ತರಕ್ಕೆ ಹಿಡಿದು. "ಅಳೆದ್ರ ಒಮ್ಮೆ ಇಷ್ಟು, ಒಮ್ಮೆ ಇಷ್ಟೇ. ಶಕ್ತಿ ಸೋರಿ ಹೊಂಟದ. ಎಲ್ಲಿಗೆ ಹೊಂಟದ? ಚಾಡ್ವಿಕ್ ಅನ್ನಾಂವ ಸಾವಿರದ ಒಂಬೈನೂರ ಹದಿನಾಲ್ಕರಾಗ ಬರ್ಲಿನ್ನಿನಾಗ ಇದನ್ನ ಕಂಡುಹಿಡಿದ. ಅಷ್ಟರಾಗ ಮಹಾಯುದ್ಧ ಹತ್ತಿತು. ಇಂಗ್ಲಿಷಿನವ ಅಂತ ಅವನ್ನ ಹಿಡಿದು ಕುದುರಿ ಲಾಯದಾಗ ಕೂಡಿಹಾಕಿದ್ರು. ಶಕ್ತಿ ಕಡಿಮಿ ಆಗೋದು ಖರೇ, ಆದ್ರ ಕಾರಣ ಗೊತ್ತಿಲ್ಲ. ಬರ್ಲಿನ್ನಿನಾಗ ಮೈಟ್ನರ್ ಅನ್ನೋ ವಿಜ್ಞಾನಿ ಇದ್ಲು, ಬಲು ಗಟ್ಟಿ ಹೆಣ್ಮಗಳು. ಆಕಿ ಅಂದ್ಲು, ಹೊರಡೋವಾಗ ಶಕ್ತಿ ಸರಿಯಾಗೇ ಇರ್ತದ, ಹೊರಗ ಬರೋ ದಾರಿಯಾಗ ಅಲ್ಲಿ ಇಲ್ಲಿ ಬಡಿದು ಕಡಿಮಿ ಆಗ್ತದ, ಇದು ಒಳಗಿನ ದೋಷ ಅಲ್ಲ ಅಂತ."

ಧೂಳು, ತೌಡು, ಹೊಟ್ಟು. ಬಡೇಬೀ ತಲೆಯಾಡಿಸಿದಳು.

"ಆಕಿ ಹೇಳಿದ್ದು ತಪ್ಪಿತ್ತು," ಅಂದರು ಸರ್. "ಎಲ್ಲಿಸ್, ವೂಸ್ಟರ್ ಅಂತ ಇಬ್ರು ರೇಡಿಯಂ ಇ ಅನ್ನೋ ವಸ್ತುವನ್ನ ಸೀಸದ ಪಾತ್ರಿಯಾಗ ಹಾಕಿ ಮುಚ್ಚಿದ್ರು. ದಾರಿಯಾಗ ಕಳೆದ್ರೂ ಪಾತ್ರಿಯೊಳಗೇ ಉಳೀಬೇಕಲ್ಲ, ಅದರ ಬಿಸಿ ಅಳೆಯೋಣ ಅಂತ. ರೇಡಿಯಂ ಇ ಯಾಕ ಅಂದ್ರ ಅದರ ಅರ್ಧಾಯು ಐದೇ ದಿನ. ಐದು ದಿನಕ್ಕ ಅರ್ಧ ಆಗ್ತದ. ಮತ್ತೈದು ದಿನಕ್ಕ ಅದರ ಅರ್ಧ. ಹಂಗೇ ಕಡಿಮಿ ಆಕ್ಕೊಂತ ಆಕ್ಕೊಂತ ಹೋಗ್ತದ, ಯಾರೂ ಏನೂ ಮಾಡಬೇಕಿಲ್ಲ."

ಆಕೆ ಬೆರಳು ಮಡಿಚಿ ಎಣಿಸಿದ್ದನ್ನು ನಾನು ನೋಡಿದೆ. ಯಾವ ವಿದ್ಯಾರ್ಥಿಯ ತಾಯಿಯೋ, ಎಷ್ಟು ಆಸ್ಥೆಯಿಂದ ಕೇಳುತ್ತಿದ್ದಾಳೆ ಅಂದುಕೊಂಡೆ. ಮುಂದಿನ ಸಾಲಿನಲ್ಲಿದ್ದ ಅರೀಬಾ, ಹೌದು ಅದೇ ಅರೀಬಾ, ದೇವದುರ್ಗದಿಂದ ಬಂದು ಓದುತ್ತಿದ್ದ ನನ್ನ ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ, ಒಮ್ಮೆ ಹಿಂದೆ ತಿರುಗಿ ನೋಡಿ ತಟ್ಟನೆ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡಳು. ಅತ್ತೆಯಾಗುವವಳು ತನ್ನ ಓದು ಎಂಥದೆಂದು ನೋಡಲು ಬಂದಿದ್ದಾಳೆ ಎಂದು ಆ ಹುಡುಗಿಗೆ ಹೆಮ್ಮೆಯೋ ಹೆಮ್ಮೆ.

ಪಾತ್ರೆಯೊಳಗೂ ಕಳೆದ ಶಕ್ತಿ ಸಿಗಲಿಲ್ಲ. ಬೋರ್ ಎಂಬ ಮಹಾಶಯ, ಶಕ್ತಿ ಎಂದೂ ನಾಶವಾಗದು ಎಂಬ ನಿಯಮವನ್ನೇ ಕೈಬಿಡೋಣವೇ ಎಂದು ಕೇಳಿದ. ಅದನ್ನು ಹೇಳುವಾಗ ಸರ್ ಮುಖ ಗಂಟಿಕ್ಕಿತ್ತು, ಲೆಕ್ಕ ತಪ್ಪಿಸುವವರನ್ನು ಅವರು ಬೋರ್ ಆದರೂ ಕ್ಷಮಿಸುವವರಲ್ಲ. ಆಮೇಲೆ ಪೌಲಿ ಎಂಬಾತ, ಕಣ್ಣಿಗೂ ಕಾಣದ ಉಪಕರಣಕ್ಕೂ ಸಿಗದ ಒಂದು ಕಣ ಆ ಶಕ್ತಿಯನ್ನು ಒಯ್ಯುತ್ತಿರಬಹುದು ಎಂದು ಅಂಜುತ್ತಲೇ ಹೇಳಿದ್ದು, ಫರ್ಮಿ ಅದಕ್ಕೆ ನ್ಯೂಟ್ರಿನೊ ಎಂಬ ಹೆಸರನ್ನೇ ನೆಲೆಗೊಳಿಸಿ ಸಿದ್ಧಾಂತ ಕಟ್ಟಿದ್ದು, ಕಾಲು ಶತಮಾನ ಕಾದ ಮೇಲೆ ಅಮೆರಿಕದ ಒಂದು ಅಣು ಸ್ಥಾವರದ ಬಳಿ ಅದು ಸಿಕ್ಕಿದ್ದು, ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಅದರ ಗುರುತು ಕಂಡಿದ್ದು. ಸರ್ ಎರಡೂ ಕೈ ಚಾಚಿದರು.

"ಅದು ಗೋಡಿ ದಾಟ್ತದ, ಗುಡ್ಡ ದಾಟ್ತದ, ನಮ್ಮ ನಿಮ್ಮ ಎದಿ ದಾಟ್ತದ. ಈಗೂ ದಾಟಾಕತ್ತದ. ಎಲ್ಲೂ ನಿಲ್ಲಂಗಿಲ್ಲ."

ಪ್ರಶ್ನೆ ಕೇಳಿ ಎಂದಾಗ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಬಡೇಬೀ ಎದ್ದಳು.

"ಡಾಕ್ಟರ್ ಸಾಬ್, ಎದಿಯಾಗಿಂದ ದಾಟಿದ್ರ ಮನುಷ್ಯಾಗ ಏನೂ ಆಗಲ್ಲೇನ್ರೀ?"

ಸರ್ ಮುಖ ಅರಳಿತು. "ಏನೂ ಆಗಂಗಿಲ್ಲ ಯವ್ವಾ."

"ದವಾ ಗಿವಾ ಬೇಕಾಗಲ್ಲೇನ್ರೀ?"

ಅಣು, ವಿಕಿರಣ ಎಂದರೆ ಜನಕ್ಕೆ ಇರುವ ಹೆದರಿಕೆ ಸರ್‌ಗೆ ಗೊತ್ತು. ಅದನ್ನೇ ಕೇಳುತ್ತಿದ್ದಾಳೆ ಅಂದುಕೊಂಡರು. "ಯಾವ ದವಾನೂ ಬ್ಯಾಡ. ತಾನಾಗಿ ಬರ್ತದ, ತಾನಾಗಿ ಹೋಗ್ತದ. ಅಂಜಬ್ಯಾಡ್ರಿ."

ಸಭೆ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರಿಗೆ ಬೇಕಾದ ಫೋಟೋ ಸಿಕ್ಕಿತು. ಬಡೇಬೀ ವೇದಿಕೆಯ ಹತ್ತಿರ ಬಂದು ಮಂಡಕ್ಕಿ ಚೀಲವನ್ನು ಸರ್ ಕೈಗೆ ಕೊಟ್ಟಳು, ಅವರ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಎಕ್ಸ್‌ರೇ ತೋರಿಸಲಿಲ್ಲ. ತೋರಿಸುವ ಅಗತ್ಯವೇ ಆಕೆಗೆ ಕಾಣಲಿಲ್ಲ. ಸರ್ ಆ ಮಂಡಕ್ಕಿ ತಿನ್ನುತ್ತಲೇ ರಾಯಚೂರಿನ ಬಸ್ಸು ಹತ್ತಿದರು. ಆಮೇಲೆ ಎಷ್ಟೋ ದಿನ ಸಿಕ್ಕವರಿಗೆಲ್ಲ, ಮಾನ್ವಿಯಲ್ಲಿ ಮಂಡಕ್ಕಿ ಮಾರುವ ಹೆಂಗಸು ನ್ಯೂಟ್ರಿನೊ ಬಗ್ಗೆ ಪ್ರಶ್ನೆ ಕೇಳಿದಳು, ಕನ್ನಡದಲ್ಲಿ ಹೇಳಿದರೆ ಯಾರಿಗೆ ತಿಳಿಯುವುದಿಲ್ಲ ಎಂದು ಹೇಳಿಕೊಂಡು ತಿರುಗಿದರು.

ರಂಜಾನ್ ಬಂತು. ಉಪವಾಸದ ರೋಜಾ ಹಿಡಿದವರಲ್ಲಿ ಮೈ ಇಳಿಯದವರು ಯಾರು? ಮಿಲ್ಲಿಗೆ ರಜೆ ಹಾಕಿದ್ದರಿಂದ ಜಮೀರನ ಕೆಮ್ಮು ನಾಲ್ಕು ದಿನ ತಗ್ಗಿತು ಕೂಡ. ಐದು ದಿನಕ್ಕೆ ಅರ್ಧ ಎಂದ ಡಾಕ್ಟರ ಮಾತು ಬಡೇಬೀಗೆ ಕಣ್ಣೆದುರೇ ನಿಜವಾಯಿತು. ಆಕೆ ಎಕ್ಸ್‌ರೇಯನ್ನು ಟ್ರಂಕಿನ ತಳಕ್ಕೆ ಹಾಕಿದಳು.

ಏಪ್ರಿಲ್ ಕೊನೆಗೆ ದೇವದುರ್ಗದಲ್ಲಿ ನಿಕಾ ಆಯಿತು. ನಾನೂ ಹೋಗಿದ್ದೆ. ಆ ಬಿಸಿಲಲ್ಲಿ ಶೇರ್ವಾನಿ ತೊಟ್ಟ ಜಮೀರ್, ಭುಜದ ಮೇಲೆ ಬಟ್ಟೆ ನಿಲ್ಲದಷ್ಟು ತೆಳ್ಳಗಾಗಿದ್ದ. ನನ್ನನ್ನು ನೋಡಿ ಎದ್ದು ಬಂದ. "ಮೇಡಂ, ನಮ್ಮಾಕಿಗೆ ಮಾರ್ಕ್ಸ್ ಕಡಿಮಿ ಹಾಕಬ್ಯಾಡ್ರಿ ಮತ್ತ. ನಾ ಬರೇ ಚೀಲ ಹೊರಾಂವ, ಮನಿಯಾಗ ಒಬ್ರರ ಓದಿದವ್ರು ಇರಲಿ" ಅಂದು ನಕ್ಕ. ನಗು ಕೆಮ್ಮಾಯಿತು. ಕರವಸ್ತ್ರವನ್ನು ಬಾಯಿಗೆ ಹಿಡಿದು, ಆಮೇಲೆ ಅದನ್ನು ನೋಡದೆಯೇ ಮಡಿಚಿ ಜೇಬಿಗೆ ಹಾಕಿದ. ಅವನಿಗೆ ಗೊತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ. ತಾಯಿಯ ಧೈರ್ಯವನ್ನು ನಂಬುವುದೇ ಅವನಿಗೂ ಸುಲಭವಾಗಿತ್ತು, ಇಪ್ಪತ್ತಾರರ ಹುಡುಗ, ಬಗಲಲ್ಲಿ ಹೊಸ ಹೆಂಡತಿ.

ಮದುವೆಯಾಗಿ ತಿಂಗಳೊಳಗೆ ಮಿಲ್ಲಿನಲ್ಲಿ ಚೀಲ ಎತ್ತುವಾಗ ರಕ್ತ ಕಾರಿ ಬಿದ್ದ. ರಾಯಚೂರಿನ ದೊಡ್ಡ ದವಾಖಾನೆಗೆ ಒಯ್ದರು. ಎರಡೂ ಕಡೆಯ ಎದೆ ಹೋಗಿತ್ತು. ಗುಳಿಗೆ ಶುರು ಮಾಡಿದರು, ಆಕ್ಸಿಜನ್ ಹಚ್ಚಿದರು. ಬಕ್ರೀದಿಗೆ ಮೊದಲೇ ಜಮೀರ್ ತೀರಿಕೊಂಡ. ಮಾನ್ವಿಯಲ್ಲಿ ಸುದ್ದಿ ಸಾರಿದ್ದು ದಸ್ತಗೀರ್ ಸಾಬರ ಆಟೋ, ಅದೇ ರಾಗದಲ್ಲಿ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಗಂಡನ ಮನೆ ಬಿಟ್ಟು ಹೊರಡುವಂತಿಲ್ಲ. ಅರೀಬಾ ಮಾನ್ವಿಯ ಆ ಎರಡು ಖೋಲಿಯ ಮನೆಯಲ್ಲಿ ಕೂತಳು. ಕೆಲವು ವಾರಗಳ ಮೇಲೆ ನನಗೆ ಅವಳಿಂದ ಫೋನು ಬಂತು. ಮಾತಿಗಿಂತ ಮೊದಲು ಕೆಮ್ಮು ಕೇಳಿಸಿತು.

"ಮೇಡಂ, ನನಗೂ ಅದೇ ಬಂದದ. ಕಫ ಪರೀಕ್ಷಾ ಮಾಡ್ಯಾರ. ಗುಳಿಗಿ ಕೊಟ್ಟಾರ. ನಮ್ಮತ್ತಿ ಅವನ್ನ ಗಟಾರಕ್ಕ ಒಗದ್ಲು. ಮತ್ತ ತಂದುಕೊಟ್ರು, ಮತ್ತ ಒಗದ್ಲು. ಈಗ ಆಶಾ ಕಾರ್ಯಕರ್ತೆನ್ನ ಒಳಗ ಬಿಡವಲ್ಲಳು. ನಾ ಆಕಿ ಕಣ್ಣು ಬಿಟ್ಟು ಎಲ್ಲಿ ಹೋಗ್ಲಿ? ಮಗ್ಗುಲಾಗೇ ಮಲಗತಾಳ."

"ಯಾಕಂತ? ಸಿಟ್ಟೇನು ನಿನ್ನ ಮ್ಯಾಲೆ?"

"ಸಿಟ್ಟಿಲ್ಲ ಮೇಡಂ, ಜೀವ ನನ್ನ ಮ್ಯಾಲೆ. ಜಮೀರ್ ದವಾಖಾನಿ ಗುಳಿಗಿ ತಗೊಂಡಿದ್ದಕ್ಕೇ ಸತ್ತ ಅಂತಾಳ. ರಾಯಚೂರಿನ ದೊಡ್ಡ ಡಾಕ್ಟರ್ ಹೇಳ್ಯಾರಂತ, ಇದಕ್ಕ ದವಾ ಬ್ಯಾಡ, ಐದು ದಿನಕ್ಕ ಅರ್ಧ ಆಗ್ತದ, ಎದಿ ದಾಟಿ ತಾನಾಗಿ ಹೋಗ್ತದ ಅಂತ." ಅವಳು ದನಿ ತಗ್ಗಿಸಿದಳು. "ಯಾವ ಡಾಕ್ಟರ್ ಅಂತ ಕೇಳಿದೆ ಮೇಡಂ. ನಿಮ್ಮ ಕಾಲೇಜಿಗೆ ಬಂದಿದ್ದರಲ್ಲ, ಅವರೇ ಅಂದ್ಲು."

ಅವತ್ತಿನ ಒಂದೊಂದು ಮಾತೂ ತಿರುಗಿ ಕಿವಿಗೆ ಬಂತು, ಈ ಸಲ ಬಡೇಬೀಯ ಕಿವಿಯಿಂದ. ಕ್ಷಯ, ಶಕ್ತಿ, ಅರ್ಧ, ಎದೆ. ಒಂದು ಪದವೂ ಆಕೆಗೆ ಅರ್ಥವಾಗದೆ ಉಳಿದಿರಲಿಲ್ಲ.

"ನೀ ಹೇಳಲಿಲ್ಲೇನು, ಅದು ಬ್ಯಾರೆ ಕ್ಷಯ ಅಂತ?"

"ಹೆಂಗ ಹೇಳ್ಲಿ ಮೇಡಂ? ನೀ ತಪ್ಪು ತಿಳಕೊಂಡಿ, ಅದಕ್ಕೇ ನಿನ್ನ ಮಗ ಸತ್ತ ಅಂತ ಹೇಳ್ಲೇನು? ಒಮ್ಮೆ ಬಾಯಿತನಕ ಬಂತು. ಆಕಿ ಮಾರಿ ನೋಡಿ ನುಂಗಿದೆ. ಆಕಿ ಉಳಿಯಂಗಿಲ್ಲ ಮೇಡಂ." ಮತ್ತೆ ಕೆಮ್ಮು. "ಆ ಸರ್ ಹೇಳಿದ್ರ ಮಾತ್ರ ಕೇಳ್ತಾಳ."

ಮರುದಿನವೇ ನಾನು ರಾಯಚೂರಿಗೆ ಹೋದೆ. ಪಂಪಾಪತಿ ಸರ್ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ಖುಷಿಯಿಂದ, ಆಗಸ್ಟಿನಲ್ಲಿ ದೇವದುರ್ಗದ ಕಾಲೇಜಿನವರೂ ಇದೇ ಉಪನ್ಯಾಸಕ್ಕೆ ಕರೆದಿದ್ದಾರೆ ಎಂದರು. ನಾನು ಎಲ್ಲ ಹೇಳಿದೆ. ಮೊದಲು ಅವರಿಗೆ ಸಿಟ್ಟು ಬಂತು.

"ನಾ ಎಲ್ಲಿ ಹಂಗ ಹೇಳಿದೆ? ನಾ ಹೇಳಿದ್ದು ನ್ಯೂಟ್ರಿನೊ. ಅಷ್ಟೂ ತಿಳಿಯಲ್ಲೇನು?"

"ಆಕಿ ನ್ಯೂಟ್ರಿನೊ ಅಂದದ್ದು ಕೇಳಿಲ್ಲ ಸರ್. ಎದಿ ಅಂದದ್ದು ಕೇಳ್ಯಾಳ."

ಅವರು ಪೇಪರನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಮಂಡಕ್ಕಿ ಕೊಟ್ಟಾಕಿ?" ಎಂದು ಕೇಳಿದರು. ಹೌದೆಂದೆ. ಎದ್ದು ನಿಂತು, "ನಡಿ ಹೋಗೋಣು. ಮೊದಲಿಂದ ಬಿಡಿಸಿ ಹೇಳ್ತೀನಿ. ಎರಡೂ ಬ್ಯಾರೆ ಬ್ಯಾರೆ ಅಂತ ತಿಳಿಸಿದ್ರ ತಿಳಕೊಂತಾಳ" ಅಂದರು.

"ಬಿಡಿಸಿ ಹೇಳಬಾರದು ಸರ್. 'ನಾ ಹೇಳಿದ್ದೇ ತಪ್ಪು' ಅನ್ರಿ. ಅಷ್ಟೇ ಅನ್ರಿ."

"ಖರೇ ಹೇಳಿದ್ದನ್ನ ತಪ್ಪು ಅಂತ ಹೆಂಗನ್ಲಿ? ನೂರಾ ಮೂವತ್ತು ವರ್ಷ ಎಷ್ಟೋ ಮಂದಿ ಜೀವ ತೇದು ಕಂಡುಹಿಡಿದದ್ದು ಅದು. ಆಕಿಗೆ ಖರೇ ತಿಳಕೊಳ್ಳೋ ಹಕ್ಕಿಲ್ಲೇನು?"

"ಹಕ್ಕದ. ತಡಕೊಳ್ಳೋ ಶಕ್ತಿ ಇಲ್ಲ."

ನನಗೆ ರೇಗಿತ್ತು. ಗುರುಗಳೆಂಬುದನ್ನೂ ಮರೆತು ಧ್ವನಿ ಏರಿಸಿದೆ. ಸರ್ ಚಪ್ಪಲಿ ಮೆಟ್ಟಿ ಹೊರಟರು. ಬಸ್ಸು ಕಲ್ಮಲ ದಾಟಿತು. ಕಾಲುವೆಯ ಗದ್ದೆಗಳು ಶುರುವಾದಾಗ, "ತಪ್ಪು ತಿದ್ದಾಕ ನಾ ಹಾಸ್ಟೆಲ್ಲಿಗೆ ಬಂದಿದ್ದು ನೆನಪದ ಏನು ನಿನಗ?" ಎಂದು ಕೇಳಿದರು. ನೆನಪಿದೆ ಎಂದೆ. ಬಡೇಬೀಗೆ ಅವರು ಏನು ಹೇಳಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಮಾನ್ವಿಯ ದವಾಖಾನೆಯ ಬಳಿ ಇಳಿದು ಅರೀಬಾಳ ಹೆಸರಿನಲ್ಲಿ ಹೊಸ ಗುಳಿಗೆ ಪಟ್ಟಿ ಇಸಿದುಕೊಂಡೆ.

ಬಡೇಬೀ ಬಾಗಿಲಲ್ಲೇ ಸರ್ ಗುರುತು ಹಿಡಿದಳು. ಆಕೆಯ ಮುಖ ಬೆಳಗಿದ್ದನ್ನು ನಾನು ಮರೆಯಲಾರೆ. ಚಾಪೆ ಹಾಸಿದಳು. ಒಳಖೋಲಿಗೆ ಪರದೆ ಎಳೆದಿತ್ತು, ಇದ್ದತ್ತಿನ ಹೆಣ್ಣು ಪರ ಗಂಡಸಿನೆದುರು ಬರುವಂತಿಲ್ಲ. ಪರದೆಯ ಹಿಂದಿನಿಂದ ಕೆಮ್ಮು ಕೇಳಿಸಿತು.

"ಕೇಳಿದ್ರೇನು ಡಾಕ್ಟರ್ ಸಾಬ್," ಅಂದಳು ಬಡೇಬೀ. "ನನ್ನ ಸೊಸಿಗೂ ಅದೇ ಅಂತಾರ. ಗುಳಿಗಿ ತಿನ್ಸು ಅಂತಾರ. ನಾ ಒಲ್ಲೆ ಅಂದೀನಿ. ನೀವೇ ದವಾ ಬ್ಯಾಡ ಅಂದಿದ್ರಿ. ಜಮೀರಗ ಆ ಗುಳಿಗಿ ತಿನ್ಸಿ ತಿನ್ಸಿ ಕೊಂದ್ರು. ಈ ಮೇಡಮ್ಮಾರಿಗೆ ನೀವು ಒಂದು ಮಾತು ಹೇಳ್ರಿ."

ಸರ್ ಬಾಯಿ ತೆರೆದರು. "ಯವ್ವಾ, ಅವತ್ತು ನಾ ಹೇಳಿದ್ದು..." ಎಂದು ಅಲ್ಲಿಗೇ ನಿಂತರು. ನಾನು ಅವರ ಮುಖ ನೋಡಲಾರದೆ ನೆಲ ನೋಡಿದೆ. ಒಳಗೆ ಕೆಮ್ಮು ಕೂಡ ನಿಂತಿತ್ತು.

"ಅವತ್ತು ನಾ ಹೇಳಿದ್ದು ತಪ್ಪು."

ಬಡೇಬೀಗೆ ಅರ್ಥವಾಗಲಿಲ್ಲ. "ಯಾವುದು ತಪ್ಪು?"

"ಎಲ್ಲಾ. ಐದು ದಿನ ಅಂದದ್ದು ತಪ್ಪು. ದಾಟಿ ಹೋಗ್ತದ ಅಂದದ್ದು ತಪ್ಪು. ದವಾ ಬ್ಯಾಡ ಅಂದದ್ದು ತಪ್ಪು. ಈ ಗುಳಿಗಿ ದಿನಾ ತಪ್ಪದ ನುಂಗಬೇಕು. ನುಂಗಿದ್ರ ಉಳೀತಾಳ."

"ನಾ ಎರಡು ಸಲ ಕೇಳಿದ್ದೆ ನಿಮ್ಮನ್ನ."

"ಹೌದು. ಎರಡು ಸಲ ಕೇಳಿದ್ರಿ."

"ನನಗ ಕನ್ನಡ ಪೂರಾ ಬರಲ್ಲ," ಅಂದಳು ಬಡೇಬೀ. ಆಕೆಯ ದನಿ ತೀರಾ ತಗ್ಗಿತ್ತು. "ನಾನೇ ಏನರ ಉಲ್ಟಾ ತಿಳಕೊಂಡೆನೇನೋ ಅಂತ ಅವ ಹೋದಾಗಿಂದ ಒಂದು ದಿನ ಕಣ್ಣು ಮುಚ್ಚಿಲ್ಲ. ಖರೇ ಹೇಳ್ರಿ ಡಾಕ್ಟರ್ ಸಾಬ್. ನಾ ತಪ್ಪು ಕೇಳಿದೆನೇನು?"

ಅಂದರೆ ಆ ಸಂಶಯ ಆಕೆಯೊಳಗೆ ಮೊದಲಿನಿಂದಲೂ ಇತ್ತು. ಗುಳಿಗೆಗಳನ್ನು ಗಟಾರಕ್ಕೆ ಎಸೆದದ್ದು ಅದಕ್ಕೇ ಇರಬೇಕು. ಗುಳಿಗೆಯಿಂದ ಸೊಸೆ ಉಳಿದುಬಿಟ್ಟರೆ, ಗುಳಿಗೆಯಿಂದ ಮಗನೂ ಉಳಿಯುತ್ತಿದ್ದ ಎಂದಾಗುತ್ತಿತ್ತು.

"ಇಲ್ಲ ಯವ್ವಾ," ಅಂದರು ಸರ್. "ನೀವು ಕೇಳಿದ್ದು ಬರೋಬರಿ ಅದ. ಹೇಳಿದಾಂವ ನಾನು, ತಪ್ಪು ನನ್ನದು."

ಬಡೇಬೀ ಅವರನ್ನೇ ನೋಡುತ್ತ ನಿಂತಳು. ಅಳಲಿಲ್ಲ, ಕೂಗಾಡಲಿಲ್ಲ.

"ಹಂಗಾದ್ರ ನನ್ನ ಮಗನ್ನ ನೀವು ಕೊಂದ್ರಿ."

"ಹೌದು."

"ನನ್ನ ಕೈಯಿಂದ ಮಂಡಕ್ಕಿ ತಗೊಂಡು ತಿಂದ್ರಿ."

"ತಿಂದೀನಿ."

"ಮತ್ತ ಯಾರಿಗೂ ಹೇಳಬ್ಯಾಡ್ರಿ ಅದನ್ನ. ಯಾವ ಊರಾಗೂ ಹೇಳಬ್ಯಾಡ್ರಿ."

ದೇವದುರ್ಗದ ಉಪನ್ಯಾಸ ನನಗೆ ನೆನಪಾಯಿತು. ಸರ್‌ಗೂ ಆಗಿರಬೇಕು. "ಹೇಳಂಗಿಲ್ಲ," ಅಂದರು. ಅವರು ಆಡಿದ ಮಾತು ತಪ್ಪುವವರಲ್ಲ.

ಬಡೇಬೀ ನನ್ನೆದುರು ಕೈ ಚಾಚಿದಳು. ಗುಳಿಗೆ ಪಟ್ಟಿಯನ್ನು ಆ ಕೈಯಲ್ಲಿ ಇಟ್ಟೆ. ಆಕೆ ನೀರು ತರಲು ಹಿತ್ತಲಿಗೆ ಹೋದಳು.

ಆಗ ಪರದೆಯ ಹಿಂದಿನಿಂದ ಅರೀಬಾ ಮಾತಾಡಿದಳು, ಪಿಸುದನಿಯಲ್ಲಿ. "ಸರ್, ಅವತ್ತು ನೀವು ಹೇಳಿದ್ದರಾಗ ಒಂದಕ್ಷರ ತಪ್ಪಿದ್ದಿಲ್ಲ. ನನಗ ಗೊತ್ತದ."

ಸರ್ ಪರದೆಯ ಕಡೆ ತಿರುಗಿದರು. "ಆ ಮಾತು ಈ ಮನಿಯಾಗ ಎಂದೂ ಆಡಬ್ಯಾಡ ಮಗಳ," ಅಂದರು.

ಬಡೇಬೀ ನೀರಿನ ಲೋಟ ಹಿಡಿದು ಬಂದು, ನಮ್ಮ ಕಡೆ ನೋಡದೆ, ಪರದೆ ಸರಿಸಿ ಒಳಗೆ ಹೋದಳು.